ಪ್ಲೆಷರ್ ಐಲ್ಯಾಂಡ್ ಮುಚ್ಚಿದ್ದು ಸರಿಯಾ? ಡಿಸ್ನಿ ವರ್ಲ್ಡ್ ಕಂಡವರು ಬನ್ನಿ, ಮಾತಾಡೋಣ

ಕೆರೆಯಂಗಳ:

ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿ ವರ್ಲ್ಡ್ ಇರುವ ಒರ್ಲ್ಯಾಂಡೊ ಕಡೆ ಹೋಗಿಬಂದವರು, ಅಲ್ಲೇ ಇರುವವರು ನಮ್ಮಲ್ಲಿ ಸಾಕಷ್ಟು ಜನ ಇದ್ದೀರಿ. ಯಾವ ಟಿಕೆಟ್ ತಗೊಳ್ಳಲಿ, ಸಸ್ಯಾಹಾರ ಎಲ್ಲಿ ಸಿಗುತ್ತೆ ಅನ್ನೋ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬೇಕಾದಷ್ಟಿವೆ. ನಾನು ಬೇರೆ ವಿಷಯ ಎತ್ತುತ್ತಿದ್ದೇನೆ. 2008ರಲ್ಲಿ ಡಿಸ್ನಿ ಮುಚ್ಚಿದ ಪ್ಲೆಷರ್ ಐಲ್ಯಾಂಡ್ ಅನ್ನೋ ನೈಟ್ ಕ್ಲಬ್‌ಗಳ ದ್ವೀಪ.

ನೋಡದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಈಗ ಡಿಸ್ನಿ ಸ್ಪ್ರಿಂಗ್ಸ್ ಅಂತ ಕರೆಯುವ ಅಂಗಡಿ ಬೀದಿಯ ನಟ್ಟನಡುವೆ ಆರು ಎಕರೆಯ ಒಂದು ದ್ವೀಪ ಇತ್ತು. ಸುತ್ತ ನೀರು ಬಿಟ್ಟು ಮಾಡಿದ ದ್ವೀಪ. 1989ರ ಮೇ 1ರಂದು ಬಾಗಿಲು ತೆರೆಯಿತು. ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಪಾರ್ಕ್ ಶುರುವಾಗಿದ್ದೂ ಅದೇ ದಿನ. ಮೈಕಲ್ ಐಸ್ನರ್ ಕಂಪನಿಯ ಮುಖ್ಯಸ್ಥರಾಗಿದ್ದ ಕಾಲ ಅದು. ಹಗಲೆಲ್ಲ ಪಾರ್ಕ್ ಸುತ್ತಿದ ದೊಡ್ಡವರು ಸಂಜೆಯಾದರೆ ಒರ್ಲ್ಯಾಂಡೊ ಪೇಟೆಯ ಚರ್ಚ್ ಸ್ಟ್ರೀಟ್ ಸ್ಟೇಷನ್‌ಗೆ ಹೋಗುತ್ತಿದ್ದರು. ಬಾಬ್ ಸ್ನೋ ಅನ್ನುವವರು 1970ರ ದಶಕದಲ್ಲಿ ಹಳೇ ರೈಲು ನಿಲ್ದಾಣದ ಪಕ್ಕ ಕಟ್ಟಿದ ಮನರಂಜನೆಯ ಬೀದಿ. ಆ ಜನರನ್ನು ತಮ್ಮ ಜಾಗದಲ್ಲೇ ಉಳಿಸಿಕೊಳ್ಳಬೇಕು ಅಂತ ಡಿಸ್ನಿ ಈ ದ್ವೀಪ ಕಟ್ಟಿತು.

ಸುಮ್ನೆ ಕಟ್ಟಲಿಲ್ಲ, ಅದಕ್ಕೊಂದು ಕತೆ ಹೆಣೆದರು. ಮೆರಿವೆದರ್ ಆಡಮ್ ಪ್ಲೆಷರ್ ಅನ್ನೋ ಹಾಯಿಬಟ್ಟೆ ತಯಾರಕ. ಅವನ ಕಾರ್ಖಾನೆ, ಗೋದಾಮು, ಮನೆ ಎಲ್ಲ ಇಲ್ಲಿ. 1941ರಲ್ಲಿ ಸಮುದ್ರಕ್ಕೆ ಹೋದವನು ವಾಪಸ್ ಬರಲೇ ಇಲ್ಲ. ಪಾಳು ಬಿದ್ದ ಅವನ ಕಟ್ಟಡಗಳೇ ಈಗ ಕ್ಲಬ್‌ಗಳು ಅಂತ. ಪ್ರತಿ ಕಟ್ಟಡದ ಮೇಲೆ ಈ ಕತೆಯ ಫಲಕ ಇರುತ್ತಿತ್ತು.

ಒಂದು ಟಿಕೆಟ್ ತಗೊಂಡರೆ ಎಲ್ಲ ಕ್ಲಬ್‌ಗೂ ಹೋಗಬಹುದಿತ್ತು. ಮ್ಯಾನಿಕ್ವಿನ್ಸ್‌ನಲ್ಲಿ ಕುಣಿಯುವ ನೆಲವೇ ತಿರುಗುತ್ತಿತ್ತು. 8ಟ್ರ್ಯಾಕ್ಸ್‌ನಲ್ಲಿ ಎಪ್ಪತ್ತರ ದಶಕದ ಹಾಡು. ಕಾಮಿಡಿ ವೇರ್‌ಹೌಸ್‌ನಲ್ಲಿ ಪ್ರೇಕ್ಷಕರು ಕೊಟ್ಟ ಮಾತಿನ ಮೇಲೆ ಅಲ್ಲೇ ನಾಟಕ. ಜಾಝ್ ಕೇಳೋಕೆ ಒಂದು ಕಡೆ, ಅಡ್ವೆಂಚರರ್ಸ್ ಕ್ಲಬ್ ಇನ್ನೊಂದು ಕಡೆ. ಪ್ರತಿ ರಾತ್ರಿ ಬೀದಿಯಲ್ಲಿ ಹೊಸ ವರ್ಷದ ಎಣಿಕೆ, ಬಣ್ಣದ ಕಾಗದದ ಚೂರು, ಪಟಾಕಿ. ವರ್ಷದ 365 ದಿನವೂ. 2005ರ ಡಿಸೆಂಬರ್ 31ರಂದು ಆ ಪದ್ಧತಿ ನಿಂತಿತು.

2008ರ ಜೂನ್ 27ಕ್ಕೆ ಪ್ರಕಟಣೆ ಬಂತು. ಉಳಿದಿದ್ದ ಆರೂ ಕ್ಲಬ್ ಮುಚ್ಚುತ್ತೇವೆ, ಜನ ಅಂಗಡಿ ಮತ್ತು ಊಟದ ಜಾಗ ಜಾಸ್ತಿ ಕೇಳುತ್ತಿದ್ದಾರೆ ಅಂತ. ಸೆಪ್ಟೆಂಬರ್ 27, ಶನಿವಾರ, ಕೊನೆಯ ರಾತ್ರಿ.

ನನ್ನ ಮಾತು ನೇರವಾಗಿ ಹೇಳುತ್ತೇನೆ. ಅದು ತಪ್ಪು ನಿರ್ಧಾರ. ಕುಟುಂಬ ಅಂದರೆ ಮಕ್ಕಳು ಮಾತ್ರ ಅಲ್ಲ. ಅಪ್ಪ ಅಮ್ಮನೂ ಕುಟುಂಬವೇ. ಅವರಿಗಾಗಿ ಅಷ್ಟು ಶ್ರದ್ಧೆಯಿಂದ ಕಟ್ಟಿದ ಒಂದೇ ಜಾಗ ಅಲ್ಲಿತ್ತು. ಅದನ್ನು ಬರೀ ಕುಡಿತದ ಬೀದಿ ಅಂತ ಲೆಕ್ಕ ಹಾಕಿ ತೆಗೆದುಬಿಟ್ಟರು. ನಿಮಗೇನನ್ನಿಸುತ್ತೆ?

ಟ್ಯಾಂಪಾ ಅಕ್ಕ:

ನಾನು ಒಪ್ಪಲ್ಲ. ಮುಚ್ಚಿದ್ದು ಸರಿ.

ಆಗ ನನ್ನ ಮಕ್ಕಳು ಚಿಕ್ಕವರು. ಟ್ಯಾಂಪಾದಿಂದ ಅಲ್ಲಿಗೆ ಒಂದೂವರೆ ಗಂಟೆಯ ದಾರಿ. ಭಾರತದಿಂದ ಯಾರೇ ಬಂದರೂ ಕರೆದುಕೊಂಡು ಹೋಗುತ್ತಿದ್ದೆವು. ಒಂದು ಕಡೆ ಮಾರ್ಕೆಟ್‌ಪ್ಲೇಸ್, ಅಲ್ಲಿ ಆಟಿಕೆ ಅಂಗಡಿ. ಇನ್ನೊಂದು ಕಡೆ ವೆಸ್ಟ್ ಸೈಡ್, ಅಲ್ಲಿ ಸಿನಿಮಾ, ಸರ್ಕಸ್. ಇವೆರಡರ ನಡುವೆ ಈ ದ್ವೀಪ. ಮೊದಲು ಗೇಟ್ ಇತ್ತು. ಗೇಟ್ ತೆಗೆದ ಮೇಲೆ ಸ್ಟ್ರೋಲರ್ ತಳ್ಳಿಕೊಂಡು ಆ ಬೀದಿಯಲ್ಲೇ ದಾಟಬೇಕು. ರಾತ್ರಿ ಹತ್ತರ ಮೇಲೆ ಅಲ್ಲಿ ಏನಿರುತ್ತಿತ್ತು? ಕೈಯಲ್ಲಿ ಪ್ಲಾಸ್ಟಿಕ್ ಲೋಟ, ಕಿವಿ ಕಿತ್ತುಹೋಗೋ ಸದ್ದು, ತೂರಾಡುವ ಹುಡುಗರು. ನಮ್ಮ ಅತ್ತೆ ಮೊಮ್ಮಗಳ ಕೈ ಗಟ್ಟಿ ಹಿಡಿದುಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು.

ನೈಟ್ ಕ್ಲಬ್ ಬೇಡ ಅಂತ ನಾನು ಹೇಳುತ್ತಿಲ್ಲ. ಒರ್ಲ್ಯಾಂಡೊದಲ್ಲಿ ಬೇಕಾದಷ್ಟಿವೆ. ಆದರೆ ಮಕ್ಕಳ ಹೆಸರಿನಲ್ಲಿ ದುಡ್ಡು ತಗೊಳ್ಳುವ ಜಾಗದಲ್ಲಿ, ಮಕ್ಕಳು ನಡೆಯೋ ದಾರಿಯಲ್ಲೇ ಯಾಕೆ?

ಅಂಗಡಿ ಲೆಕ್ಕ:

ಅಕ್ಕ ಹೇಳಿದ ಗೇಟ್ ವಿಷಯದಲ್ಲೇ ಎಲ್ಲ ಇದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

1989ರಲ್ಲಿ ಈ ದ್ವೀಪ ಒಂದು ಕೊನೆಯಲ್ಲಿತ್ತು. ಅದರಾಚೆ ಹೋಗೋಕೆ ಯಾರಿಗೂ ಹೆಚ್ಚು ಕಾರಣ ಇರಲಿಲ್ಲ. ಸಂಜೆಯಾದ ಮೇಲೆ ಗೇಟ್ ಹಾಕಿ ಟಿಕೆಟ್ ಕೇಳಿದರೆ ಯಾರಿಗೂ ತೊಂದರೆ ಇಲ್ಲ. ಚಿಕ್ಕವರು ಒಬ್ಬೊಬ್ಬರೇ ಬರೋ ಹಾಗಿರಲಿಲ್ಲ. ಫ್ಲೋರಿಡಾದಲ್ಲಿ ಕುಡಿಯೋಕೆ 21 ವರ್ಷ ಆಗಿರಬೇಕು, ಅದನ್ನು ಬಾಗಿಲಲ್ಲೇ ನೋಡುತ್ತಿದ್ದರು.

1997ರಲ್ಲಿ ವೆಸ್ಟ್ ಸೈಡ್ ತೆರೆದರು. ಹೌಸ್ ಆಫ್ ಬ್ಲೂಸ್ ಅನ್ನೋ ಸಂಗೀತದ ಜಾಗ ಬಂತು, ಮರುವರ್ಷ ಸರ್ಕ್ ದು ಸೊಲೆ ಸರ್ಕಸ್‌ನ ಡೇರೆಯಾಕಾರದ ರಂಗಮಂದಿರ ಬಂತು. ಕೊನೆಯಲ್ಲಿದ್ದ ದ್ವೀಪ ಈಗ ಮಧ್ಯಕ್ಕೆ ಬಂತು. ಎರಡು ಅಂಗಡಿ ಬೀದಿಗಳ ನಡುವೆ ರಾತ್ರಿ ಹೊತ್ತು ಗೇಟ್ ಬಿದ್ದರೆ ಏನಾಗುತ್ತೆ? ಜನ ಸುತ್ತು ಹಾಕಿಕೊಂಡು ಹೋಗಬೇಕು. ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ಅದಕ್ಕೇ 2004ರ ಹೊತ್ತಿಗೆ ಗೇಟ್ ತೆಗೆದರು. ಬೀದಿ ಎಲ್ಲರಿಗೂ ಬಿಟ್ಟಿ, ಕ್ಲಬ್ ಒಳಗೆ ಹೋಗೋಕೆ ಮಾತ್ರ ದುಡ್ಡು.

ಆ ದಿನವೇ ಪ್ಲೆಷರ್ ಐಲ್ಯಾಂಡ್ ಅರ್ಧ ಮುಗಿಯಿತು ಅಂತ ನನ್ನ ಅಭಿಪ್ರಾಯ. ಟಿಕೆಟ್ ಕೊಟ್ಟು ಒಳಗೆ ಬಂದವನಿಗೆ ಬೀದಿಯೂ ಕಾರ್ಯಕ್ರಮದ ಭಾಗವೇ ಆಗಿತ್ತು. ಗೇಟ್ ಹೋದ ಮೇಲೆ ಬೀದಿ ಬರೀ ಓಡಾಡೋ ದಾರಿ ಆಯಿತು. ಹೊಸ ವರ್ಷದ ಪಟಾಕಿಗೆ ದುಡ್ಡು ಯಾರು ಕೊಡಬೇಕು? ಮರುವರ್ಷವೇ ಅದೂ ನಿಂತಿತು ನೋಡಿ.

ಅಕ್ಕ ಕಂಡ ಗಲಾಟೆ ನಿಜ. ಕೆರೆಯಂಗಳ ಕಂಡ ಚೆಂದವೂ ನಿಜ. ಇಬ್ಬರೂ ಬೇರೆ ಬೇರೆ ವರ್ಷಗಳ ಜಾಗದ ಬಗ್ಗೆ ಮಾತಾಡುತ್ತಿದ್ದೀರಿ.

ಚಿಕ್ಕಪೇಟೆ ಹುಡುಗ:

ನಾನು ಆಗ ಸ್ಕೂಲಲ್ಲಿದ್ದೆ, ಹಾಗಾಗಿ ನೋಡಿಲ್ಲ. ಆದರೆ ಡಿಸ್ನಿ ಅಭಿಮಾನಿಗಳು ಎಲ್ಲೇ ಮಾತಾಡಲಿ, ಅಡ್ವೆಂಚರರ್ಸ್ ಕ್ಲಬ್ ಅಂತ ಈಗಲೂ ಹಲುಬುತ್ತಾರೆ. ಹೊಸ ರೈಡ್ ಬಂದರೂ ಅದೇ, ಹೊಸ ಹೋಟೆಲ್ ಬಂದರೂ ಅದೇ. ಅಂಥದ್ದು ಏನಿತ್ತು ಸರ್ ಅಲ್ಲಿ? ಯಾರಾದರೂ ಸರಿಯಾಗಿ ಹೇಳಿ.

ತಾಳಮದ್ದಳೆ ಪ್ರಿಯ:

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಬರೆಯೋದು ಉದ್ದ ಆದರೆ ಓದಿ.

ಹೊರಗಿನಿಂದ ನೋಡಿದರೆ ಹಳೇ ಕಾಲದ ಸಾಹಸಿಗಳ ಸಂಘದ ಮನೆ. ಕಾಲ 1937ರ ಹೊಸ ವರ್ಷದ ಹಿಂದಿನ ರಾತ್ರಿ. ದಿನಾ ಅದೇ ರಾತ್ರಿ. ಒಳಗೆ ಹೋದರೆ ಮೊದಲು ಮೇಲಂತಸ್ತಿನ ಬಾಲ್ಕನಿ, ಅಲ್ಲಿಂದ ಇಳಿದರೆ ದೊಡ್ಡ ಹಜಾರ. ಗೋಡೆ ಕಾಣದ ಹಾಗೆ ಮುಖವಾಡ, ಫೋಟೋ, ಪ್ರಾಣಿಗಳ ತಲೆ, ಊರೂರಿನ ಸಾಮಾನು. ಒಳಾಂಗಣದ ವಿನ್ಯಾಸದಲ್ಲಿ ಮುಖ್ಯ ಕೈ ಜೋ ರೋಡೆ ಅವರದು. 1998ರಲ್ಲಿ ತೆರೆದ ಅನಿಮಲ್ ಕಿಂಗ್‌ಡಮ್ ಪಾರ್ಕ್ ಮಾಡಿದವರು ಅವರೇ. ಕಲಾವಿದನೊಬ್ಬ ಒಂದೊಂದು ಮೊಳೆಯನ್ನೂ ಯೋಚಿಸಿ ಹೊಡೆಸಿದ ಕೋಣೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಬಾರ್ ಮುಂದೆ ಕೂತರೆ ಸ್ಟೂಲ್ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ. ಗೋಡೆಯ ಮೇಲಿನ ಕರ್ನಲ್ ಗೊಂಬೆ ನಿಮ್ಮ ಅಂಗಿಯ ಬಣ್ಣ ನೋಡಿ ಮಾತಿಗೆಳೆಯುತ್ತಿತ್ತು. ಬ್ಯಾಬಿಲೋನಿಯಾ ಅನ್ನೋ ಕಲ್ಲಿನ ಮುಖ ಇದ್ದಕ್ಕಿದ್ದ ಹಾಗೆ ಕಣ್ಣು ಬಿಡುತ್ತಿತ್ತು. ಮುಖವಾಡಗಳ ಕೋಣೆ ಬೇರೆ, ಲೈಬ್ರರಿ ಬೇರೆ. ಸಂಘದ ಅಧ್ಯಕ್ಷೆ ಪಮೀಲಿಯಾ ಪರ್ಕಿನ್ಸ್, ವಿಮಾನ ಹಾರಿಸುವ ಹ್ಯಾಥವೇ ಬ್ರೌನ್, ಮುಗ್ಧ ಎಮಿಲ್ ಬ್ಲೀಹಾಲ್, ಬಟ್ಲರ್ ಗ್ರೇವ್ಸ್, ಇವರೆಲ್ಲ ಜನರ ನಡುವೆಯೇ ಓಡಾಡುತ್ತಿದ್ದರು. ಯಾರು ನಟ, ಯಾರು ಪ್ರವಾಸಿ ಅಂತ ಮೊದಲ ಹತ್ತು ನಿಮಿಷ ತಿಳಿಯುತ್ತಿರಲಿಲ್ಲ. ಆಮೇಲೆ ಲೈಬ್ರರಿಗೆ ಕರೆದು ಪ್ರಹಸನ, ಹಾಡು, ಹೊಸಬರಿಗೆ ಸದಸ್ಯತ್ವದ ಪ್ರಮಾಣವಚನ. ಎಲ್ಲರೂ ಕೈ ಎತ್ತಿ "ಕುಂಗಲೂಶ್!" ಅಂತ ಕೂಗುವುದು.

ನಮ್ಮ ತಾಳಮದ್ದಳೆ ಕೇಳಿದವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತೆ. ಪ್ರಸಂಗ ಎಲ್ಲರಿಗೂ ಗೊತ್ತು, ಪದ್ಯವೂ ಗೊತ್ತು. ಆದರೆ ಅರ್ಥಧಾರಿ ಇವತ್ತು ಏನು ಹೇಳುತ್ತಾನೆ, ಎದುರು ಕೂತವನು ಅದಕ್ಕೆ ಏನು ಉತ್ತರ ಕೊಡುತ್ತಾನೆ, ಅದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಒಂದೇ ಪ್ರಸಂಗವನ್ನು ಜನ ಮತ್ತೆ ಮತ್ತೆ ಕೇಳುತ್ತಾರೆ. ಅಡ್ವೆಂಚರರ್ಸ್ ಕ್ಲಬ್‌ಗೂ ಜನ ಹಾಗೇ ಮತ್ತೆ ಮತ್ತೆ ಬರುತ್ತಿದ್ದರು. ನಟರಿಗೆ ಅವರ ಹೆಸರು ಗೊತ್ತಿರುತ್ತಿತ್ತು. ಹೋದ ಸಲ ಆಡಿದ ಮಾತನ್ನು ಈ ಸಲ ಎತ್ತಿ ಆಡುತ್ತಿದ್ದರು.

ಪಾರ್ಕ್‌ನ ರೈಡ್ ಎಷ್ಟು ಚೆನ್ನಾಗಿದ್ದರೂ ನೂರು ಸಲ ಕೂತರೆ ನೂರು ಸಲವೂ ಅದೇ. ಇಲ್ಲಿ ನೀವು ಬಾಯಿ ಬಿಟ್ಟರೆ ಆಟವೇ ಬದಲಾಗುತ್ತಿತ್ತು. ಇಂಥ ನಟರನ್ನು ತಯಾರು ಮಾಡೋಕೆ ವರ್ಷಗಳು ಬೇಕು. ಮುಚ್ಚೋಕೆ ಒಂದು ಪತ್ರಿಕಾ ಪ್ರಕಟಣೆ ಸಾಕಾಯಿತು. ನನಗೆ ಸಂಕಟ ಇರೋದು ಇಲ್ಲಿ. ತಿರುಗೋ ನೆಲ ಹೋದರೆ ಇನ್ನೊಂದು ಮಾಡಬಹುದು. ಇಪ್ಪತ್ತು ವರ್ಷ ಜೊತೆಗೆ ಆಡಿ ಪಳಗಿದ ತಂಡ ಚದುರಿಹೋದರೆ ಮತ್ತೆ ಸೇರಲ್ಲ.

ಟ್ಯಾಂಪಾ ಅಕ್ಕ:

ಇಷ್ಟೆಲ್ಲ ಇತ್ತು ಅಂತ ಗೊತ್ತಾದರೆ ನಾನು ಒಂದು ಪ್ರಶ್ನೆ ಕೇಳಲೇಬೇಕು. ಇಂಥದ್ದನ್ನು ಮ್ಯಾನಿಕ್ವಿನ್ಸ್ ಥರದ ಡಾನ್ಸ್ ಕ್ಲಬ್ ಪಕ್ಕದಲ್ಲಿ ಯಾಕಿಟ್ಟರು? ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತಿತ್ತು. ನಾವು ಅದರ ಬಾಗಿಲ ಮುಂದೆಯೇ ಹಾದುಹೋಗಿದ್ದೇವೆ. ಒಳಗೆ ನಾಟಕ ನಡೀತಿದೆ, ದೊಡ್ಡ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು ಅಂತ ನಮಗೆ ಯಾರೂ ಹೇಳಲಿಲ್ಲ. ಕಂಪನಿಯ ಪ್ರಚಾರದಲ್ಲೂ ನಾನು ನೋಡಿದ ನೆನಪಿಲ್ಲ.

ಕೆರೆಯಂಗಳ:

ಅಕ್ಕ, ಅದು ಬಹಳ ಒಳ್ಳೇ ಪ್ರಶ್ನೆ. 18 ದಾಟದವರು ಅಪ್ಪ ಅಮ್ಮನ ಜೊತೆ ಅಡ್ವೆಂಚರರ್ಸ್ ಕ್ಲಬ್‌ಗೂ ಕಾಮಿಡಿ ವೇರ್‌ಹೌಸ್‌ಗೂ ಹೋಗಬಹುದಿತ್ತು. ಮ್ಯಾನಿಕ್ವಿನ್ಸ್ ಮತ್ತು ಬಿಇಟಿ ಸೌಂಡ್‌ಸ್ಟೇಜ್ ಕ್ಲಬ್‌ಗಳು ಮಾತ್ರ 21ರ ಮೇಲಿನವರಿಗೆ. ಒಳಗೆ ಇಷ್ಟು ವ್ಯತ್ಯಾಸ ಇದ್ದರೂ ಎಲ್ಲದಕ್ಕೂ ಒಂದೇ ಹೆಸರು, ಒಂದೇ ಟಿಕೆಟ್. ಮುಚ್ಚುವಾಗಲೂ ಒಂದೇ ಬೀಗ.

ರಾತ್ರಿಪಾಳಿ:

ಯಾರೂ ಹೇಳದ ಒಂದು ಗುಂಪಿದೆ. ಅಲ್ಲಿ ಕೆಲಸ ಮಾಡುವವರು.

ನಾನು ಒರ್ಲ್ಯಾಂಡೊದ ಒಂದು ಹೋಟೆಲಿನಲ್ಲಿ ರಾತ್ರಿ ಪಾಳಿ ಮಾಡಿದವನು. ಡಿಸ್ನಿ ಉದ್ಯೋಗಿ ಅಲ್ಲ. ಆದರೆ ನನ್ನ ರೂಮ್‌ಮೇಟ್‌ಗಳಲ್ಲಿ ಪಾರ್ಕ್ ಹುಡುಗರಿದ್ದರು. ಡಿಸ್ನಿಯವರು ಕಾಲೇಜು ಓದುವ ಮಕ್ಕಳನ್ನು ಬೇರೆ ಬೇರೆ ರಾಜ್ಯ, ಬೇರೆ ಬೇರೆ ದೇಶಗಳಿಂದ ಕೆಲವು ತಿಂಗಳ ಕೆಲಸಕ್ಕೆ ಕರೆಸುತ್ತಾರೆ. ಇಪ್ಪತ್ತರ ಆಸುಪಾಸಿನ ಮಕ್ಕಳು. ಹಗಲೆಲ್ಲ ಬಿಸಿಲಲ್ಲಿ ನಗುತ್ತಾ ನಿಲ್ಲಬೇಕು. ಪಾರ್ಕ್ ಮುಚ್ಚಿ, ಗುಡಿಸಿ, ಲೆಕ್ಕ ಕೊಟ್ಟು ಹೊರಬರುವಾಗ ಹನ್ನೊಂದು, ಹನ್ನೆರಡು. ಆಮೇಲೆ ಎಲ್ಲಿಗೆ ಹೋಗಬೇಕು? ಎಷ್ಟೋ ಜನರ ಬಳಿ ಕಾರಿರಲ್ಲ. ಡಿಸ್ನಿ ಜಾಗ ಅಂದರೆ ಒಂದು ಊರಿನಷ್ಟು ದೊಡ್ಡದು, ಕಂಪನಿಯ ಬಸ್ ಬಿಟ್ಟರೆ ಗತಿಯಿಲ್ಲ.

ಪ್ಲೆಷರ್ ಐಲ್ಯಾಂಡ್ ಬೆಳಗಿನ ಜಾವ ಎರಡರವರೆಗೆ ತೆರೆದಿರುತ್ತಿತ್ತು. ಗುರುವಾರ ಅವರದೇ ರಾತ್ರಿ. ಪರಿಚಯ, ಸ್ನೇಹ, ಮದುವೆ ಎಲ್ಲ ಅಲ್ಲಿ ಆಗಿವೆ. ಮುಚ್ಚಿದ ವಾರ ನನ್ನ ಜೊತೆಗಿದ್ದ ಹುಡುಗ ಮನೆಯಲ್ಲಿ ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದ. ನಗಿಸುವ ಕೆಲಸ ಮಾಡುವವರಿಗೂ ನಗೋಕೆ ಒಂದು ಜಾಗ ಬೇಕಲ್ವಾ?

ಊರಿನವರೂ ಅಷ್ಟೇ. ಒರ್ಲ್ಯಾಂಡೊದ ಎಷ್ಟೋ ಜನ ಪಾರ್ಕ್‌ಗೆ ಕಾಲಿಡದೆ ಬರೀ ಕ್ಲಬ್‌ಗಳಿಗೆ ವರ್ಷದ ಪಾಸ್ ಮಾಡಿಸಿದ್ದರು. ಹೋಟೆಲ್ ರೂಮ್ ತಗೊಳ್ಳಲ್ಲ, ಗೊಂಬೆ ಕೊಳ್ಳಲ್ಲ. ಅಂಥ ಗಿರಾಕಿ ಕಂಪನಿಗೆ ಬೇಡ ಅನ್ನಿಸಿರಬೇಕು.

ಅಂಗಡಿ ಲೆಕ್ಕ:

ರಾತ್ರಿಪಾಳಿಯವರ ಕೊನೆಯ ಮಾತು ಹಿಡಿದು ಮುಂದುವರಿಸುತ್ತೇನೆ. ನನ್ನ ಕೆಲಸವೇ ಮಾಲ್‌ಗಳ ಬಾಡಿಗೆ ಲೆಕ್ಕ. ಹಾಗಾಗಿ ಈ ಕತೆ ನನಗೆ ಬೇರೆ ಥರ ಕಾಣುತ್ತೆ.

ಕ್ಲಬ್ ನಡೆಸುವವರು ಡಿಸ್ನಿಯವರೇ ಆದರೆ ಖರ್ಚೆಲ್ಲ ಅವರದೇ. ನಟರ ಸಂಬಳ, ಸಂಗೀತದವರ ಸಂಬಳ, ಬೆಳಕು, ಭದ್ರತೆ. ಸೋಮವಾರ ನೂರೇ ಜನ ಬಂದರೂ ಅಷ್ಟೇ ಖರ್ಚು. ಅದೇ ಜಾಗವನ್ನು ಹೊರಗಿನ ರೆಸ್ಟೋರೆಂಟ್‌ಗೆ ಕೊಟ್ಟರೆ ಬಾಡಿಗೆ ತಾನಾಗಿ ಬರುತ್ತೆ. ಜನ ಬರದಿದ್ದರೆ ಅದು ಬಾಡಿಗೆದಾರನ ತಲೆನೋವು. 2005ರಲ್ಲಿ ಜಾಝ್ ಕಂಪನಿ ಇದ್ದ ಕಟ್ಟಡವನ್ನು ರಾಗ್ಲನ್ ರೋಡ್ ಅನ್ನೋ ಐರಿಶ್ ಪಬ್‌ಗೆ ಕೊಟ್ಟರು. ಅದು ಚೆನ್ನಾಗಿ ನಡೆಯಿತು. ಮುಂದಿನ ದಾರಿ ಅಲ್ಲೇ ಕಂಡಿರಬೇಕು.

ಇದಕ್ಕೂ ಮೊದಲು 1999ರಲ್ಲಿ ಒರ್ಲ್ಯಾಂಡೊದ ಇನ್ನೊಂದು ಪಾರ್ಕ್ ಕಂಪನಿ ಯೂನಿವರ್ಸಲ್‌ನವರು ಸಿಟಿವಾಕ್ ಅನ್ನೋ ಮನರಂಜನೆಯ ಬೀದಿ ತೆರೆದಿದ್ದರು. ಬೀದಿ ಬಿಟ್ಟಿ, ಕ್ಲಬ್‌ಗೆ ಮಾತ್ರ ದುಡ್ಡು, ಪಾರ್ಕ್‌ಗೆ ಹೋಗುವವರೆಲ್ಲ ಅದರ ಮೂಲಕವೇ ಹೋಗಬೇಕು. ಆ ಮಾದರಿ ಡಿಸ್ನಿಯವರ ಕಣ್ಣಿಗೂ ಬಿದ್ದಿರುತ್ತೆ. ಚರ್ಚ್ ಸ್ಟ್ರೀಟ್ ಸ್ಟೇಷನ್ ಅಷ್ಟರಲ್ಲಿ ಸೊರಗಿತ್ತು. ಯಾರ ಮೇಲೆ ಪೈಪೋಟಿಗೆ ದ್ವೀಪ ಕಟ್ಟಿದರೋ ಆ ಎದುರಾಳಿಯೇ ಇಲ್ಲ.

ಇಷ್ಟರವರೆಗೆ ವ್ಯಾಪಾರದ ಲೆಕ್ಕ ನನಗೆ ಅರ್ಥ ಆಗುತ್ತೆ. ಅರ್ಥ ಆಗದೇ ಇರೋದು ಮುಂದಿನದು. 2008ರ ಸೆಪ್ಟೆಂಬರ್ 15ಕ್ಕೆ ಲೇಮನ್ ಬ್ರದರ್ಸ್ ಅನ್ನೋ ದೊಡ್ಡ ಬ್ಯಾಂಕ್ ದಿವಾಳಿ. ಇನ್ನು ಹನ್ನೆರಡೇ ದಿನಕ್ಕೆ ಕ್ಲಬ್‌ಗಳಿಗೆ ಬೀಗ. ಹೊಸ ಅಂಗಡಿ ಹಾಕೋಕೆ ಆಗ ಯಾರ ಹತ್ತಿರ ದುಡ್ಡಿತ್ತು? ಕಟ್ಟಡಗಳು ಖಾಲಿ ನಿಂತವು. 2010ರ ನವೆಂಬರ್‌ನಲ್ಲಿ ಹೈಪೀರಿಯನ್ ವಾರ್ಫ್ ಅಂತ ಹೊಸ ಯೋಜನೆ ಹೇಳಿದರು. ಚಿತ್ರ ಬಿಡಿಸಿ ತೋರಿಸಿದರು. ಅದನ್ನೂ ಕೈಬಿಟ್ಟರು. 2013ರ ಮಾರ್ಚ್‌ನಲ್ಲಿ ಡಿಸ್ನಿ ಸ್ಪ್ರಿಂಗ್ಸ್ ಯೋಜನೆ ಬಂತು. 2015ರಲ್ಲಿ ಒಂದೊಂದೇ ರೆಸ್ಟೋರೆಂಟ್ ತೆರೆಯತೊಡಗಿದವು.

ಲೆಕ್ಕ ಹಾಕಿ. ಹೆಚ್ಚುಕಡಿಮೆ ಏಳು ವರ್ಷ ಆ ಜಾಗದ ನಡುವೆ ಮುಚ್ಚಿದ ಬಾಗಿಲು ಮತ್ತು ಹಲಗೆಯ ಬೇಲಿ. ಬಾಡಿಗೆದಾರ ಸಿಗುವವರೆಗೆ ಕ್ಲಬ್‌ಗಳನ್ನು ಒಂದೊಂದಾಗಿ ನಡೆಸಬಹುದಿತ್ತು. ಕಡೇ ಪಕ್ಷ ಎರಡು ನಾಟಕದ ಕೋಣೆಗಳನ್ನು. ಅಡ್ವೆಂಚರರ್ಸ್ ಕ್ಲಬ್ಬನ್ನು ಖಾಸಗಿ ಪಾರ್ಟಿಗಳಿಗೆ 2009ರ ಸೆಪ್ಟೆಂಬರ್‌ವರೆಗೆ ತೆರೆಯುತ್ತಿದ್ದರು ಕೂಡ. ಅಂದರೆ ನಟರಿದ್ದರು, ಕಟ್ಟಡ ಇತ್ತು, ಬರುವ ಜನ ಇದ್ದರು. ಸಾರ್ವಜನಿಕರಿಗೆ ಮಾತ್ರ ಬಾಗಿಲಿಲ್ಲ. ನನಗೆ ಕೋಪ ಬರೋದು ಇದಕ್ಕೆ.

ಚಿಕ್ಕಪೇಟೆ ಹುಡುಗ:

ಯಾರೂ ಹೊರಗಿನಿಂದ ಒತ್ತಾಯ ಮಾಡಿರಲಿಲ್ವಾ? ಪೊಲೀಸರು, ಊರಿನ ಆಡಳಿತ, ಸುತ್ತಲಿನ ನಿವಾಸಿಗಳು? ಬೆಂಗಳೂರಲ್ಲಿ ಪಬ್ ಬೇಗ ಮುಚ್ಚಿಸೋದು ಯಾವಾಗಲೂ ಅವರೇ.

ಅಂಗಡಿ ಲೆಕ್ಕ:

ಇಲ್ಲ. ಅಲ್ಲಿನ ವ್ಯವಸ್ಥೆಯೇ ಬೇರೆ. 1967ರಿಂದ ಆ ಜಾಗಕ್ಕೆ ರೀಡಿ ಕ್ರೀಕ್ ಅನ್ನೋ ಪ್ರತ್ಯೇಕ ಆಡಳಿತ ಜಿಲ್ಲೆ ಇತ್ತು. ರಸ್ತೆ, ನೀರು, ಕಟ್ಟಡದ ಪರವಾನಗಿ ಎಲ್ಲ ಅದರದೇ. ಜಿಲ್ಲೆ ಪೂರ್ತಿ ಡಿಸ್ನಿಯ ಹಿಡಿತದಲ್ಲಿತ್ತು. 2023ರಲ್ಲಿ ರಾಜ್ಯ ಸರ್ಕಾರ ಅದನ್ನು ಬದಲಿಸಿತು, ಆ ಜಗಳ ಬೇರೆ. 2008ರಲ್ಲಿ ನಿದ್ದೆ ಕೆಡುತ್ತೆ ಅನ್ನೋಕೆ ಪಕ್ಕದಲ್ಲಿ ಮನೆಗಳೂ ಇರಲಿಲ್ಲ. ನಿರ್ಧಾರ ಪೂರ್ತಿ ಕಂಪನಿಯದೇ.

ಕೆರೆಯಂಗಳ:

ಹಾಗಾದರೆ "ಕುಟುಂಬಕ್ಕೆ ತಕ್ಕದ್ದಲ್ಲ" ಅನ್ನೋ ಮಾತನ್ನು ಈಗ ಪರೀಕ್ಷೆ ಮಾಡೋಣ.

ಇವತ್ತು ಅದೇ ಜಾಗಕ್ಕೆ ಹೋಗಿ. ದ ಲ್ಯಾಂಡಿಂಗ್ ಅಂತ ಹೆಸರು. ಮ್ಯಾನಿಕ್ವಿನ್ಸ್ ಕಟ್ಟಡದಲ್ಲಿ ಮೊರಿಮೊಟೊ ಏಷ್ಯಾ ರೆಸ್ಟೋರೆಂಟ್. ಸ್ವಲ್ಪ ಮುಂದೆ ಜಾಕ್ ಲಿಂಡ್ಸೀಸ್ ಹ್ಯಾಂಗರ್ ಬಾರ್. ದ ಬೋಟ್‌ಹೌಸ್‌ನಲ್ಲಿ ನೀರಿನ ಮೇಲೇ ಬಾರ್. ಆಮೇಲೆ ದ ಎಡಿಸನ್ ಬಂತು. ಎಲ್ಲ ಕಡೆ ಮದ್ಯ ಸಿಗುತ್ತೆ. ಎಪ್‌ಕಾಟ್ ಪಾರ್ಕ್‌ನಲ್ಲಿ ಒಂದೊಂದು ದೇಶದ ಮಂಟಪದಲ್ಲಿ ಒಂದೊಂದು ಥರದ ಬಿಯರ್, ವೈನ್ ಮೊದಲಿಂದಲೂ ಇದೆ. ವಾಲ್ಟ್ ಡಿಸ್ನಿಯವರ ಕಾಲದಿಂದ ಬಂದ ರೂಢಿ ಅಂತ ಮ್ಯಾಜಿಕ್ ಕಿಂಗ್‌ಡಮ್ ಒಂದರಲ್ಲಿ ಮದ್ಯ ಇರಲಿಲ್ಲ. 2012ರಲ್ಲಿ ಬಿ ಅವರ್ ಗೆಸ್ಟ್ ರೆಸ್ಟೋರೆಂಟ್‌ನಲ್ಲಿ ರಾತ್ರಿ ಊಟಕ್ಕೆ ವೈನ್, ಬಿಯರ್ ಶುರುವಾಯಿತು. ಆಮೇಲೆ ಬೇರೆ ಕಡೆಗೂ ಹಬ್ಬಿತು.

ಅಂದರೆ ಕುಡಿತ ಎಲ್ಲಿಗೂ ಹೋಗಿಲ್ಲ, ಜಾಸ್ತಿಯಾಗಿದೆ. ಹೋಗಿದ್ದು ಏನು? ನಟರು, ಹಾಸ್ಯದವರು, ಜಾಝ್ ನುಡಿಸುವವರು. ಲೋಟ ಉಳಿಸಿಕೊಂಡು ಕಲಾವಿದನನ್ನು ಕಳಿಸಿಬಿಟ್ಟರು. ಇದನ್ನು ಕುಟುಂಬದ ಹೆಸರಿನಲ್ಲಿ ಮಾಡಿದ ಕೆಲಸ ಅಂತ ನಾನು ಒಪ್ಪಲಾರೆ.

ಟ್ಯಾಂಪಾ ಅಕ್ಕ:

ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಅರ್ಧ ಇಲ್ಲ.

ಊಟದ ಜೊತೆ ಒಂದು ಲೋಟ ವೈನ್ ಕುಡಿಯೋದು ಬೇರೆ, ಬೆಳಗಿನ ಜಾವ ಎರಡರವರೆಗೆ ಕುಡಿದು ಕುಣಿಯೋದು ಬೇರೆ. ಎರಡೂ ಮದ್ಯವೇ ಅಂತ ಒಂದೇ ಸಾಲಿಗೆ ಸೇರಿಸಬೇಡಿ. ಈಗ ಅಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಅಂಗಡಿ ಬಾಗಿಲು ಹಾಕುತ್ತಾರೆ. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಅವಳು ಗೆಳತಿಯರ ಜೊತೆ ಅಲ್ಲಿಗೆ ಹೋಗುತ್ತೇನೆ ಅಂದರೆ ನಾನು ನಿಶ್ಚಿಂತೆಯಿಂದ ಕಳಿಸುತ್ತೇನೆ. ಆಗಿನ ಬೀದಿಗೆ ಕಳಿಸುತ್ತಿರಲಿಲ್ಲ.

ಆದರೆ ತಾಳಮದ್ದಳೆಯವರು ಬರೆದದ್ದು ಓದಿದ ಮೇಲೆ ನಾನೂ ನನ್ನ ಯಜಮಾನರೂ ಮಾತಾಡಿದೆವು. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಒಂದು ಸಂಜೆ ನಾವಿಬ್ಬರೇ ಹೋಗಬಹುದಾದ ಜಾಗ ಅದಾಗಿತ್ತು. ಆಗ ನಾವು ಇಬ್ಬರೇ ಎಲ್ಲಿಗೂ ಹೋಗಿದ್ದೇ ಇಲ್ಲ. ನೆಂಟರನ್ನು ಕರೆದುಕೊಂಡು ಹೋಗೋದು, ಸ್ಟ್ರೋಲರ್ ತಳ್ಳೋದು, ಸಾಲಿನಲ್ಲಿ ನಿಲ್ಲೋದು, ವಾಪಸ್ ಬರೋದು. ಡಾನ್ಸ್ ಕ್ಲಬ್‌ಗಳನ್ನು ಮುಚ್ಚಿ ಅಡ್ವೆಂಚರರ್ಸ್ ಕ್ಲಬ್, ಕಾಮಿಡಿ ವೇರ್‌ಹೌಸ್ ಎರಡನ್ನು ಉಳಿಸಬೇಕಿತ್ತು ಅನ್ನೋದು ನನ್ನ ಮಾತು. ಬೇಕಾದರೆ ಬೇರೆ ಕಡೆಗೆ ಸಾಗಿಸಬೇಕಿತ್ತು. ಯಾವುದಾದರೂ ಹೋಟೆಲಿಗೆ.

ರಾತ್ರಿಪಾಳಿ:

ಅಕ್ಕ, ಡಾನ್ಸ್ ಕ್ಲಬ್ ಪರವಾಗಿಯೂ ಯಾರಾದರೂ ಮಾತಾಡಬೇಕು. ತೂರಾಡುವವರು ಇದ್ದರು, ನಿಜ. ಆದರೆ ಸುರಕ್ಷಿತವಾಗಿ ಕುಣಿಯೋಕೆ ಜಾಗ ಹುಡುಕಿಕೊಂಡು ಬರುತ್ತಿದ್ದ ಹೆಣ್ಣುಮಕ್ಕಳೇ ಜಾಸ್ತಿ. ಭದ್ರತೆ ಬಿಗಿಯಾಗಿತ್ತು, ಬೀದಿಯಲ್ಲಿ ಬೆಳಕಿತ್ತು, ವಾಪಸ್ ಹೋಗೋಕೆ ಬಸ್ಸಿತ್ತು. ಅದು ಮುಚ್ಚಿದ ಮೇಲೆ ಅದೇ ಮಕ್ಕಳು ಕಾರು ಹಂಚಿಕೊಂಡು ಪೇಟೆಗೆ ಹೋಗತೊಡಗಿದರು. ರಾತ್ರಿ ಎರಡಕ್ಕೆ ಐ-4 ಹೆದ್ದಾರಿಯಲ್ಲಿ ವಾಪಸ್. ನನಗೆ ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಹಾಂಗ್‌ಕಾಂಗ್ ಕನ್ನಡಿಗ:

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಅಡ್ವೆಂಚರರ್ಸ್ ಕ್ಲಬ್‌ನ ವಂಶ ಪೂರ್ತಿ ಅಳಿದಿಲ್ಲ ಅಂತ ಹೇಳೋಕೆ ಬಂದೆ. ಇಲ್ಲಿನ ಡಿಸ್ನಿಲ್ಯಾಂಡ್‌ನಲ್ಲಿ 2013ರಲ್ಲಿ ಮಿಸ್ಟಿಕ್ ಮ್ಯಾನರ್ ಅನ್ನೋ ರೈಡ್ ಶುರುವಾಯಿತು. ಲಾರ್ಡ್ ಹೆನ್ರಿ ಮಿಸ್ಟಿಕ್ ಅನ್ನೋ ಸಂಗ್ರಹಕಾರ, ಅವನ ಕೋತಿ ಆಲ್ಬರ್ಟ್. ಅವನು ಸಾಹಸಿಗಳ ಒಂದು ಸಂಘದ ಸದಸ್ಯ. ಆ ಸಂಘದ ಕತೆ 2001ರಲ್ಲಿ ತೆರೆದ ಟೋಕಿಯೋ ಡಿಸ್ನಿಸೀಯಲ್ಲಿ ಬಂದಿತ್ತು. ಒರ್ಲ್ಯಾಂಡೊ ಕ್ಲಬ್‌ನ ಅದೇ ಗಾಳಿ, ಅದೇ ಗೋಡೆ ತುಂಬ ಸಾಮಾನು. ಫ್ಲೋರಿಡಾದಲ್ಲೇ ಮ್ಯಾಜಿಕ್ ಕಿಂಗ್‌ಡಮ್‌ನ ಸ್ಕಿಪ್ಪರ್ ಕ್ಯಾಂಟೀನ್‌ನಲ್ಲಿ ಆ ಕ್ಲಬ್‌ನ ಗುರುತುಗಳನ್ನು ಅಲ್ಲಲ್ಲಿ ಸೇರಿಸಿದ್ದಾರೆ.

ತಾಳಮದ್ದಳೆ ಪ್ರಿಯ:

ಗುರುತುಗಳನ್ನು ನಾನೂ ನೋಡಿದ್ದೇನೆ. ಸಂತೋಷ ಆಗುತ್ತೆ, ಅಷ್ಟೇ ಬೇಸರವೂ ಆಗುತ್ತೆ. ವೇಷಭೂಷಣ ಪೆಟ್ಟಿಗೆಯಲ್ಲಿದೆ, ಚೌಕಿಯಲ್ಲಿ ಕಲಾವಿದರಿಲ್ಲ. ಗೋಡೆಯ ಮೇಲಿನ ಚಿತ್ರ ನನ್ನ ಜೊತೆ ಮಾತಾಡಲ್ಲ. ಆ ಕ್ಲಬ್‌ನಲ್ಲಿ ಮಾತಾಡುತ್ತಿತ್ತು.

ಕಂಪನಿಗೆ ಈ ಪಾತ್ರಗಳ ಬೆಲೆ ಗೊತ್ತು ಅನ್ನೋದಂತೂ ಇದರಿಂದ ಸ್ಪಷ್ಟ. ಹೆಸರು, ಕತೆ, ಸಂಘ ಎಲ್ಲ ಇನ್ನೂ ಬಳಸುತ್ತಿದ್ದಾರೆ. ಹಾಗಿದ್ದ ಮೇಲೆ ಒಂದು ನೂರು ಜನ ಕೂರುವ ಕೋಣೆ, ಎಂಟು ಹತ್ತು ಜನ ನಟರು, ಇಷ್ಟು ಮಾಡೋಕೆ ಏನಡ್ಡಿ? ಅಕ್ಕ ಹೇಳಿದ ಹಾಗೆ ಹೋಟೆಲಿನಲ್ಲೇ ಮಾಡಲಿ. ಹನ್ನೊಂದಕ್ಕೇ ಮುಚ್ಚಲಿ. ಟಿಕೆಟ್ ಇಡಲಿ, ನಾನು ಕೊಡುತ್ತೇನೆ.

ಚಿಕ್ಕಪೇಟೆ ಹುಡುಗ:

ಡಿಸೆಂಬರ್‌ನಲ್ಲಿ ನಾನೂ ಹೆಂಡತಿಯೂ ಹೋಗುತ್ತಿದ್ದೇವೆ. ಅಪ್ಪ ಅಮ್ಮ ಜೊತೆಗಿರುತ್ತಾರೆ, ಮಗುವನ್ನು ಎರಡು ಸಂಜೆ ನೋಡಿಕೊಳ್ಳುತ್ತೇವೆ ಅಂದಿದ್ದಾರೆ. ಹಳೇ ಕ್ಲಬ್‌ನ ಸ್ವಲ್ಪವಾದರೂ ರುಚಿ ಸಿಗುವ ಜಾಗ ಈಗ ಯಾವುದು?

ಕೆರೆಯಂಗಳ:

ರಾಗ್ಲನ್ ರೋಡ್. ಐರಿಶ್ ಹಾಡುಗಾರರು, ಮೇಜುಗಳ ನಡುವಿನ ಪುಟ್ಟ ವೇದಿಕೆಯಲ್ಲಿ ಕುಣಿಯುವವರು ಇರುತ್ತಾರೆ. ಆ ಬೀದಿಯಲ್ಲಿ ಜೀವಂತ ಕಲೆ ಇವತ್ತಿಗೂ ಬಿಡದೆ ನಡೆಯೋದು ಅಲ್ಲಿ. ರಾತ್ರಿ ಊಟಕ್ಕೆ ಮೊದಲೇ ಬುಕ್ ಮಾಡಿ, ಡಿಸೆಂಬರ್‌ನಲ್ಲಿ ಜನ ಜಾಸ್ತಿ.

ತಾಳಮದ್ದಳೆ ಪ್ರಿಯ:

ಇನ್ನೊಂದು ಸಂಜೆಗೆ ಡಿಸ್ನಿಯದೇ ಪಾಲಿನೇಷಿಯನ್ ರೆಸಾರ್ಟ್‌ನ ಟ್ರೇಡರ್ ಸ್ಯಾಮ್ಸ್ ಬಾರ್. ಬಹಳ ಚಿಕ್ಕ ಕೋಣೆ. ಕೆಲವು ಪಾನೀಯ ಕೇಳಿದರೆ ಬಾರ್‌ನವರು ಕೂಗುತ್ತಾರೆ, ದೀಪ ಮಿಣುಕುತ್ತೆ, ಕೋಣೆಯಲ್ಲಿ ಏನೋ ಒಂದು ನಡೆಯುತ್ತೆ. ಕುಡಿಯದವರಿಗೂ ಜ್ಯೂಸ್ ಥರದ್ದು ಸಿಗುತ್ತೆ. ತೆರೆಯುವ ಹೊತ್ತಿಗೇ ಹೋಗಿ, ಇಲ್ಲಾಂದರೆ ತುಂಬಾ ಹೊತ್ತು ಕಾಯಬೇಕಾಗುತ್ತೆ. ರಾತ್ರಿ ಎಂಟಾದ ಮೇಲೆ ಒಳಗೆ 21 ದಾಟಿದವರು ಮಾತ್ರ. ನಿಮಗೆ ಅದರಿಂದ ತೊಂದರೆ ಇಲ್ಲ, ಪಾಸ್‌ಪೋರ್ಟ್ ಮಾತ್ರ ಮರೆಯಬೇಡಿ.

ಟ್ಯಾಂಪಾ ಅಕ್ಕ:

ಆ ಎಂಟರ ನಿಯಮ ನೋಡಿ, ನಾನು ಮೊದಲಿಂದ ಕೇಳಿದ್ದು ಇಷ್ಟನ್ನೇ. ಚಿಕ್ಕಪೇಟೆಯವರೇ, ನಿಮ್ಮ ತಂದೆ ತಾಯಿಗೆ ಮೊಸರನ್ನ, ಪುಳಿಯೋಗರೆ ಏನಾದರೂ ಬೇಕಿದ್ದರೆ ನನಗೆ ಮೆಸೇಜ್ ಮಾಡಿ. ಆ ವಾರ ನಾವು ಒರ್ಲ್ಯಾಂಡೊಗೆ ಬರುವವರಿದ್ದೇವೆ.